ಕೌಂಟರಿನ ಹಿಂದೆ ನಿಂತವನ ಒಂಟಿತನ

ಆರ್‌ಪಿಸಿ ಲೇಔಟ್‌ನಲ್ಲಿ ಸಂಜೆ ಆರರ ಹೊತ್ತಿಗೆ ಒಂದು ಸುತ್ತು ನಡೆದು ಬನ್ನಿ. ಔಷಧಿ ಅಂಗಡಿ, ಝೆರಾಕ್ಸ್ ಅಂಗಡಿ, ಮೊಬೈಲ್ ರಿಪೇರಿ, ಬಟ್ಟೆ ಅಂಗಡಿ, ದಿನಸಿ ಅಂಗಡಿ, ಬೇಕರಿ. ಪ್ರತಿಯೊಂದು ಕೌಂಟರಿನ ಹಿಂದೆಯೂ ಒಬ್ಬರು ನಿಂತಿರುತ್ತಾರೆ. ನಮ್ಮ ಮನೆಯ ಎಷ್ಟೋ ಸಂಗತಿ ಅವರಿಗೆ ಗೊತ್ತಿರುತ್ತದೆ. ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆ ಬದಲಾಗಿದ್ದು ಔಷಧಿ ಅಂಗಡಿಯವರಿಗೆ ಗೊತ್ತು. ಮಗಳ ಜಾತಕ ಹೊರಟಿದೆ ಎಂಬುದು ಝೆರಾಕ್ಸ್ ಅಂಗಡಿಯವರಿಗೆ ಗೊತ್ತು. ಮೊಬೈಲ್ ರಿಪೇರಿಯವರ ಕೈಯಲ್ಲಂತೂ ನಮ್ಮ ಮನೆಯ ಫೋಟೋಗಳೆಲ್ಲ ಇರುತ್ತವೆ.

ಅವರ ಬಗ್ಗೆ ನಮಗೆಷ್ಟು ಗೊತ್ತು? ಅನೇಕ ಸಲ ಹೆಸರೂ ಗೊತ್ತಿರುವುದಿಲ್ಲ. ಊರು ಬಿಟ್ಟು ಬಂದು ಪಿ.ಜಿ.ಯಲ್ಲೋ ಒಂಟಿ ಕೋಣೆಯಲ್ಲೋ ಇರುವ ಹುಡುಗರಿದ್ದಾರೆ. ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ನಡುವಯಸ್ಸಿನವರಿದ್ದಾರೆ. ದಿನಕ್ಕೆ ನೂರು ಜನರೊಂದಿಗೆ ಮಾತನಾಡಿಯೂ, "ಊಟ ಆಯ್ತಾ?" ಎಂದು ಕೇಳುವ ಒಬ್ಬರೂ ಇಲ್ಲದ ಸ್ಥಿತಿ ಇವರಲ್ಲಿ ಕೆಲವರದು. ಈ ವಾರ ಅಂಥ ಒಂಟಿತನದ ಬಗ್ಗೆ, ಅದು ಕೆಲಸದ ಜಾಗದಲ್ಲಿ ತಪ್ಪಾಗಿ ಹೊರಬಿದ್ದಾಗ ಏನು ಮಾಡಬೇಕೆಂಬುದರ ಬಗ್ಗೆ ತಿಳಿಯೋಣ. ಉದಾಹರಣೆಗೆ ಒಂದು ಸಿನಿಮಾವನ್ನು ತೆಗೆದುಕೊಳ್ಳೋಣ.

ಸಿನಿಮಾದ ಕಥೆ

2002ರಲ್ಲಿ ಬಂದ ಅಮೆರಿಕದ ಚಿತ್ರ 'ಒನ್ ಅವರ್ ಫೋಟೋ'. ನಿರ್ದೇಶಕರು ಮಾರ್ಕ್ ರೊಮಾನೆಕ್. ಜನರನ್ನು ನಗಿಸುವುದಕ್ಕೇ ಹೆಸರಾಗಿದ್ದ ರಾಬಿನ್ ವಿಲಿಯಮ್ಸ್ ಇದರಲ್ಲಿ ನಗುವೇ ಇಲ್ಲದ ಪಾತ್ರ ಮಾಡಿದ್ದಾರೆ. ಪಾತ್ರದ ಹೆಸರು ಸೈ ಪ್ಯಾರಿಶ್. ದೊಡ್ಡ ಅಂಗಡಿಯೊಂದರ ಒಳಗಿರುವ ಫೋಟೋ ವಿಭಾಗದಲ್ಲಿ ಅವನ ಕೆಲಸ. ಗಿರಾಕಿಗಳು ಕೊಟ್ಟ ರೀಲನ್ನು ತೊಳೆದು ಒಂದು ಗಂಟೆಯಲ್ಲಿ ಪ್ರಿಂಟು ಹಾಕಿಕೊಡಬೇಕು. ಡಿಜಿಟಲ್ ಕ್ಯಾಮೆರಾ ಬರುವ ಮುಂಚೆ ನಮ್ಮ ಬೆಂಗಳೂರಿನ ಬಡಾವಣೆಗಳಲ್ಲೂ ಇಂಥ ಕಲರ್ ಲ್ಯಾಬ್‌ಗಳಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಮೂವತ್ತಾರು ಫೋಟೋಗಳ ರೀಲು ಕೊಟ್ಟು, ಚೀಟಿ ಹಿಡಿದು ಕಾಯುತ್ತಿದ್ದ ಕಾಲ ಅದು.

ಸೈ ತನ್ನ ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸವಾದರೂ ಯಂತ್ರ ರಿಪೇರಿಗೆ ಬಂದವನೊಂದಿಗೆ ಜಗಳ ಆಡುವಷ್ಟು ಶ್ರದ್ಧೆ. ಆದರೆ ಮನೆಯಲ್ಲಿ ಅವನಿಗೆ ಯಾರೂ ಇಲ್ಲ. ಗೆಳೆಯರೂ ಇಲ್ಲ. ಯಾರ್ಕಿನ್ ಎಂಬ ಕುಟುಂಬ ವರ್ಷಗಟ್ಟಲೆ ಅವನಲ್ಲಿ ಫೋಟೋ ತೊಳೆಸುತ್ತಾ ಬಂದಿದೆ. ಗಂಡ, ಹೆಂಡತಿ, ಜೇಕ್ ಎಂಬ ಮಗ. ಆ ಮಗುವಿನ ಹುಟ್ಟುಹಬ್ಬಗಳನ್ನೆಲ್ಲ ಸೈ ಫೋಟೋಗಳಲ್ಲೇ ನೋಡಿದ್ದಾನೆ. ನೋಡುತ್ತಾ ನೋಡುತ್ತಾ ತಾನೂ ಆ ಮನೆಯವನು, ಮಗುವಿಗೆ ಚಿಕ್ಕಪ್ಪನಿದ್ದಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡುಬಿಟ್ಟಿದ್ದಾನೆ. ಅವರ ಫೋಟೋಗಳಿಗೆಲ್ಲ ತನಗಾಗಿ ಒಂದೊಂದು ಹೆಚ್ಚಿನ ಪ್ರಿಂಟು ಹಾಕಿಕೊಂಡು, ತನ್ನ ಮನೆಯ ಗೋಡೆ ತುಂಬ ಅಂಟಿಸಿದ್ದಾನೆ.

ಲೆಕ್ಕ ತಪ್ಪುತ್ತದೆ. ಯಂತ್ರ ಹಾಕಿದ ಪ್ರಿಂಟುಗಳಿಗೂ ಗಿರಾಕಿಗಳಿಂದ ಹಣ ಬಂದ ಪ್ರಿಂಟುಗಳಿಗೂ ತಾಳೆಯಾಗುವುದಿಲ್ಲ. ಮ್ಯಾನೇಜರು ಕರೆದು ಒಂದೊಂದಾಗಿ ಎಣಿಸುತ್ತಾನೆ: ಲೆಕ್ಕಕ್ಕೆ ಸಿಗದ ಪ್ರಿಂಟುಗಳು, ಹುಡುಗನಿಗೆ ಹುಟ್ಟುಹಬ್ಬಕ್ಕೆಂದು ಪುಕ್ಕಟೆ ಕೊಟ್ಟ ಕ್ಯಾಮೆರಾ, ಊಟಕ್ಕೆ ಹೋದರೆ ಹೊತ್ತಿಗೆ ಸರಿಯಾಗಿ ಬಾರದಿರುವುದು, ಕೌಂಟರಿನಲ್ಲಿ ಮಾಡಿದ ಜಗಳ. ಕೆಲಸ ಹೋಗುತ್ತದೆ. ಇದೇ ಹೊತ್ತಿಗೆ, ತಾನು ಪೂಜಿಸುತ್ತಿದ್ದ ಆ ಕುಟುಂಬದ ಯಜಮಾನನಿಗೆ ಬೇರೆ ಹೆಂಗಸಿನ ಸಂಬಂಧ ಇರುವುದು ಇನ್ನೊಬ್ಬರು ಕೊಟ್ಟ ರೀಲಿನಿಂದ ಅವನಿಗೆ ತಿಳಿಯುತ್ತದೆ. ಕೆಲಸವೂ ಇಲ್ಲ, ಕನಸಿನ ಕುಟುಂಬವೂ ಇಲ್ಲ. ಅಲ್ಲಿಂದ ಮುಂದೆ ಅವನು ಮ್ಯಾನೇಜರನ ಪುಟ್ಟ ಮಗಳ ಫೋಟೋಗಳನ್ನು ಕದ್ದು ತೆಗೆಯುತ್ತಾನೆ. ಚಾಕು ಹಿಡಿದು ಆ ಗಂಡನನ್ನೂ ಆ ಹೆಂಗಸನ್ನೂ ಬೆದರಿಸುತ್ತಾನೆ. ಕೊನೆಗೆ ಪೊಲೀಸರ ಕೈಗೆ ಸಿಕ್ಕಿಬೀಳುತ್ತಾನೆ. ಬಾಲ್ಯದಲ್ಲಿ ಅವನಿಗೆ ಏನೋ ಘೋರ ಅನ್ಯಾಯವಾಗಿತ್ತೆಂಬ ಸುಳಿವು ಆಗ ಸಿಗುತ್ತದೆ.

ಈ ಚಿತ್ರದಲ್ಲಿ ಒಂದು ಸಣ್ಣ ದೃಶ್ಯವಿದೆ. ರಾತ್ರಿ ಮಲಗುವ ಮುಂಚೆ ಮಗು ಜೇಕ್ ತಾಯಿಯ ಬಳಿ, ಸೈನನ್ನು ನೋಡಿದರೆ ಪಾಪ ಅನ್ನಿಸುತ್ತದೆ ಎಂಬರ್ಥದ ಮಾತು ಆಡುತ್ತಾನೆ. ತಾಯಿ ಮಗ ಇಬ್ಬರೂ ಕಣ್ಣು ಮುಚ್ಚಿ ಸೈಗೆ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಾರೆ. ಎಲ್ಲರಿಗಿಂತ ಮೊದಲು ಆ ಮನುಷ್ಯನ ಕಷ್ಟ ಕಂಡಿದ್ದು ಮಗುವಿಗೆ. ಆದರೆ ಆ ಹಾರೈಕೆ ಸೈವರೆಗೆ ತಲುಪಲೇ ಇಲ್ಲ.

ಮೊದಲೇ ಒಂದು ಎಚ್ಚರಿಕೆ

ಈ ಚಿತ್ರ ನೋಡಿ 'ಒಂಟಿಯಾಗಿರುವವರೆಲ್ಲ ಅಪಾಯಕಾರಿ' ಎಂದು ಯಾರೂ ತಿಳಿಯಬಾರದು. ಅದು ಶುದ್ಧ ತಪ್ಪು. ಒಂಟಿತನದಿಂದ ನರಳುವವರಲ್ಲಿ ಬಹುಪಾಲು ಜನ ಇನ್ನೊಬ್ಬರಿಗೆ ಕೇಡು ಮಾಡುವುದಿಲ್ಲ. ಕೇಡಾಗುವುದು ಅವರಿಗೇ. ಸಿನಿಮಾಕ್ಕೆ ಚಾಕು ಬೇಕಾಗುತ್ತದೆ. ನಿಜಜೀವನದಲ್ಲಿ ನಮಗೆ ಕಾಣುವುದು ನಿದ್ದೆಗೆಟ್ಟ ಕಣ್ಣು, ಹೆಚ್ಚಿದ ರಕ್ತದೊತ್ತಡ, ರಾತ್ರಿ ಒಂಟಿಯಾಗಿ ಕುಡಿಯುವ ಚಟ, ಬಿಲ್ಲಿನಲ್ಲಿ ಪದೇ ಪದೇ ಆಗುವ ತಪ್ಪು.

ಹಾಗೆಯೇ 'ಪಾಪ, ಒಂಟಿ ಮನುಷ್ಯ' ಎಂದು ತಪ್ಪನ್ನು ಮನ್ನಿಸಿಬಿಡುವುದೂ ಸರಿಯಲ್ಲ. ಸೈ ತೆಗೆದ ಒಂದು ಪ್ರಿಂಟಿನ ಬೆಲೆ ಅಲ್ಪವಿರಬಹುದು. ಆದರೆ ಗಿರಾಕಿ ನಂಬಿ ಕೊಟ್ಟ ಮನೆಯ ಚಿತ್ರವನ್ನು ಅವರಿಗೆ ತಿಳಿಯದಂತೆ ಇಟ್ಟುಕೊಂಡದ್ದು ನಂಬಿಕೆದ್ರೋಹ. ಇಂದು ಅದೇ ನಂಬಿಕೆಯನ್ನು ನಾವು ಮೊಬೈಲ್ ರಿಪೇರಿಯವರ ಮೇಲೆ, ಆಧಾರ್ ಪ್ರತಿ ತೆಗೆದುಕೊಡುವವರ ಮೇಲೆ, ಮನೆಗೆ ಸಾಮಾನು ತಂದುಕೊಡುವವರ ಮೇಲೆ ಇಟ್ಟಿದ್ದೇವೆ. ಮಹಿಳೆಯರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದು ಅಥವಾ ಚಿತ್ರೀಕರಿಸುವುದು, ಬೇಡವೆಂದರೂ ಅವರನ್ನು ಹಿಂಬಾಲಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77 ಮತ್ತು 78ನೇ ಕಲಂಗಳ ಪ್ರಕಾರ ಅಪರಾಧ. ಅಂಥ ಸಂದರ್ಭದಲ್ಲಿ ಮುಲಾಜಿಲ್ಲದೆ ದೂರು ಕೊಡಬೇಕು.

ಒಂಟಿತನವೆಂದರೆ ಏನು?

ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಒಬ್ಬರೇ ಇದ್ದು ಪುಸ್ತಕ ಓದಿಕೊಂಡು, ಸಂಗೀತ ಕೇಳಿಕೊಂಡು ನೆಮ್ಮದಿಯಾಗಿರುವವರು ಎಷ್ಟೋ ಮಂದಿ. ತುಂಬಿದ ಮನೆಯಲ್ಲಿದ್ದೂ 'ನನ್ನವರು ಯಾರೂ ಇಲ್ಲ' ಎಂದು ಕೊರಗುವವರೂ ಇದ್ದಾರೆ. ತನಗೆ ಬೇಕೆನಿಸುವಷ್ಟು ಆತ್ಮೀಯತೆ ಸಿಗುತ್ತಿಲ್ಲ ಎಂಬ ನೋವೇ ಒಂಟಿತನ.

ಅದು ಒಂದು ಬಗೆಯ ಹಸಿವು. ಹೊಟ್ಟೆ ಹಸಿದಾಗ ಊಟದ ಕಡೆ ಹೇಗೆ ಮನಸ್ಸು ಎಳೆಯುತ್ತದೋ, ಒಂಟಿಯಾದಾಗ ಜನರ ಕಡೆ ಹಾಗೆ ಎಳೆಯುತ್ತದೆ. ಇದು ಬರೀ ಹೋಲಿಕೆಯಲ್ಲ. 2020ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದವರನ್ನು ಒಂದು ದಿನ ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದಂತೆ ಇರಿಸಿದರು. ಇನ್ನೊಂದು ದಿನ ಹತ್ತು ಗಂಟೆ ಉಪವಾಸ ಇರಿಸಿದರು. ಉಪವಾಸದ ನಂತರ ಊಟದ ಚಿತ್ರ ಕಂಡಾಗ ಮಿದುಳಿನ ಯಾವ ಭಾಗ ಚುರುಕಾಯಿತೋ, ಒಂಟಿಯಾಗಿದ್ದ ನಂತರ ಜನ ಕೂಡಿ ನಲಿಯುವ ಚಿತ್ರ ಕಂಡಾಗಲೂ ಅದೇ ಭಾಗ ಅದೇ ರೀತಿ ಚುರುಕಾಯಿತು.

ಬಹಳ ಹಸಿದವನು ಸಿಕ್ಕಿದ್ದನ್ನು ತಿನ್ನುತ್ತಾನೆ. ಸೈ ಮಾಡಿದ್ದೂ ಅದನ್ನೇ. ನಿಜವಾದ ಸ್ನೇಹ ಸಿಗಲಿಲ್ಲ, ಇನ್ನೊಬ್ಬರ ಫೋಟೋ ಸಿಕ್ಕಿತು. ಇಂದು ಎಷ್ಟೋ ಜನ ಮೊಬೈಲಿನಲ್ಲಿ ಗುರುತಿಲ್ಲದ ಸಂಸಾರಗಳ ಹುಟ್ಟುಹಬ್ಬ, ಗೃಹಪ್ರವೇಶ, ಪ್ರವಾಸಗಳನ್ನು ರಾತ್ರಿ ಎರಡರವರೆಗೂ ನೋಡುತ್ತಾ ಕೂರುತ್ತಾರೆ. ಇದರಲ್ಲಿ ನೋಡುವವನಿಗೆ ಅವರೆಲ್ಲ ಗೊತ್ತು, ಅವರಿಗೆ ಇವನು ಗೊತ್ತಿಲ್ಲ. ಇಂಥ ಒಂದು ಕಡೆಯ ನೆಂಟಸ್ತಿಕೆಯಿಂದ ಆ ಹಸಿವು ಇಂಗುವುದಿಲ್ಲ.

ದೇಹಕ್ಕೂ ಇದರ ಪೆಟ್ಟು ಬೀಳುತ್ತದೆ. ಒಂಟಿತನ ವರ್ಷಗಟ್ಟಲೆ ಮುಂದುವರಿದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ. ಮನಸ್ಸು ಸದಾ ಕಾವಲು ಕಾಯುವಂತಾಗುತ್ತದೆ. ಯಾರೋ ನಕ್ಕರೆ 'ನನ್ನನ್ನೇ ನೋಡಿ ನಕ್ಕರು' ಅನ್ನಿಸುತ್ತದೆ. ಹಾಗೆ ಅನ್ನಿಸಿದವರು ಸಿಡುಕುತ್ತಾರೆ. ಸಿಡುಕಿದವರ ಹತ್ತಿರ ಜನ ಬರುವುದಿಲ್ಲ. ಒಂಟಿತನ ಇನ್ನಷ್ಟು ಹೆಚ್ಚುತ್ತದೆ. ಇದೊಂದು ವಿಷಚಕ್ರ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳಿಗೂ ಅದಕ್ಕೂ ನಂಟಿದೆ ಎಂದು ಅಂದಾಜು.

ಮಂಡ್ಯ ಮೂಲದ ವೈದ್ಯರ ಅನುಭವ

ಆ ಆಯೋಗದ ಸಹ ಅಧ್ಯಕ್ಷರಲ್ಲಿ ಒಬ್ಬರು ಡಾ. ವಿವೇಕ್ ಮೂರ್ತಿ. ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಅಮೆರಿಕ ಸರ್ಕಾರದ ಸರ್ಜನ್ ಜನರಲ್ ಎಂಬ ಅತ್ಯುನ್ನತ ಆರೋಗ್ಯಾಧಿಕಾರಿಯ ಹುದ್ದೆಗೆ ಎರಡು ಬಾರಿ ಏರಿದವರು. 2017ರ ಏಪ್ರಿಲ್‌ನಲ್ಲಿ, ಸರ್ಕಾರ ಬದಲಾದ ಮೇಲೆ, ಅವಧಿ ಮುಗಿಯುವ ಮುಂಚೆಯೇ ಅವರನ್ನು ಹುದ್ದೆಯಿಂದ ಇಳಿಸಲಾಯಿತು. ಆಗಿನ ತಮ್ಮ ಸ್ಥಿತಿಯನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಕೆಲಸವಿದ್ದಾಗ ಅದರಲ್ಲೇ ಮುಳುಗಿ ಗೆಳೆಯರನ್ನು ಮರೆತಿದ್ದರು. ಕೆಲಸ ಹೋದಾಗ ಸಹೋದ್ಯೋಗಿಗಳ ಒಡನಾಟವೂ ಹೋಯಿತು. ಅಷ್ಟು ದಿನ ಮರೆತಿದ್ದ ಗೆಳೆಯರಿಗೆ ಈಗ ಫೋನ್ ಮಾಡಲು ನಾಚಿಕೆ. ಬಹುಕಾಲ ಅವರು ಒಂಟಿತನದಲ್ಲಿ ನರಳಿದರು. ಮನೆಯವರು, ಗೆಳೆಯರು ಕೈಹಿಡಿದ ಮೇಲೆ ಹೊರಬಂದರು.

ಎರಡನೇ ಬಾರಿ ಆ ಹುದ್ದೆಯಲ್ಲಿದ್ದಾಗ, 2023ರಲ್ಲಿ, ಅವರು ಒಂಟಿತನದ ಬಗ್ಗೆಯೇ ಒಂದು ಎಚ್ಚರಿಕೆಯ ವರದಿ ಹೊರಡಿಸಿದರು. ಸಾಮಾಜಿಕ ಸಂಪರ್ಕ ಕಡಿಮೆಯಿರುವವರಿಗೆ ಹೃದ್ರೋಗದ ಅಪಾಯ ಶೇ. 29ರಷ್ಟು, ಪಾರ್ಶ್ವವಾಯುವಿನ ಅಪಾಯ ಶೇ. 32ರಷ್ಟು ಹೆಚ್ಚು ಎಂದು ಅದರಲ್ಲಿದೆ.

ಅಷ್ಟು ದೊಡ್ಡ ಹುದ್ದೆಯಲ್ಲಿದ್ದ, ಓದಿದ, ಸಂಸಾರವಿದ್ದ ವೈದ್ಯರಿಗೇ ಕೆಲಸ ಹೋದಾಗ ಹೀಗಾಯಿತು. ಹಾಗಿದ್ದಮೇಲೆ ಕೌಂಟರಿನ ಕೆಲಸವೊಂದೇ ಜಗತ್ತಿನೊಂದಿಗಿನ ಕೊಂಡಿಯಾಗಿರುವ ಒಬ್ಬ ಸೇಲ್ಸ್‌ಮನ್‌ನ ಗತಿ ಏನಾದೀತು? ಕೆಲಸ ಎಂದರೆ ಸಂಬಳ ಮಾತ್ರವಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಲು ಒಂದು ಕಾರಣ, ಹೆಸರು ಹಿಡಿದು ಕರೆಯುವ ನಾಲ್ಕು ಜನ, ಹನ್ನೊಂದರ ಚಹಾ. ಕೆಲಸ ಹೋದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ.

ಗಮನಿಸಬೇಕಾದ ಲಕ್ಷಣಗಳು

ಅಂಗಡಿಯ ಮಾಲೀಕರು, ಜೊತೆಯ ಕೆಲಸಗಾರರು ಈ ಕೆಳಗಿನ ಬದಲಾವಣೆಗಳನ್ನು ಗಮನಿಸಬೇಕು:

1. ಅಚ್ಚುಕಟ್ಟಾಗಿದ್ದವರು ಲೆಕ್ಕದಲ್ಲಿ, ಬಿಲ್ಲಿನಲ್ಲಿ ಪದೇ ಪದೇ ತಪ್ಪು ಮಾಡುವುದು. ಕೆಲಸದ ನಡುವೆ ಎತ್ತಲೋ ನೋಡುತ್ತಾ ನಿಂತುಬಿಡುವುದು.

2. ಸಣ್ಣ ವಿಷಯಕ್ಕೂ ಗಿರಾಕಿಗಳೊಂದಿಗೆ ಜಗಳ.

3. ಊಟಕ್ಕೆ ಎಲ್ಲರ ಜೊತೆ ಕೂರದಿರುವುದು. ರಜೆ ಕೊಟ್ಟರೂ ಬೇಡವೆನ್ನುವುದು. ಅಂಗಡಿ ಮುಚ್ಚಿದ ಮೇಲೂ ಹೊರಡಲು ಮನಸ್ಸಿಲ್ಲದಿರುವುದು.

4. ಯಾವುದೋ ಒಬ್ಬ ಗಿರಾಕಿಯ, ಒಂದು ಕುಟುಂಬದ ಬಗ್ಗೆ ಅತಿಯಾದ ಆಸಕ್ತಿ. ಕೇಳದೆಯೇ ಉಡುಗೊರೆ ಕೊಡುವುದು, ಅವರ ಮನೆ, ಮಕ್ಕಳ ಶಾಲೆ ವಿಚಾರಿಸುವುದು. ಅವರು ಮಾತನಾಡಿಸದೆ ಹೋದರೆ ದಿನವಿಡೀ ಬೇಸರದಲ್ಲಿರುವುದು.

5. ನಿದ್ದೆಯಿಲ್ಲದಿರುವುದು, ತೂಕ ಇಳಿಯುವುದು, ಬಟ್ಟೆಬರೆಯ ಕಡೆ ಗಮನವಿಲ್ಲದಿರುವುದು, ಬಾಯಿಂದ ಮದ್ಯದ ವಾಸನೆ.

ನಾಲ್ಕನೆಯದು ಕಂಡಾಗ ತಡಮಾಡದೆ ಮಾತನಾಡಬೇಕು. "ಗಿರಾಕಿಯ ಮನೆ ವಿಷಯ ನಮಗೆ ಬೇಡಪ್ಪ" ಎಂದು ಮೊದಲ ಸಲವೇ ಸ್ಪಷ್ಟವಾಗಿ, ಮರ್ಯಾದೆಯಿಂದ ಹೇಳಿದರೆ ಎಷ್ಟೋ ಅನಾಹುತ ತಪ್ಪುತ್ತದೆ.

ಐದನೆಯದರ ಜೊತೆಗೆ ಬೇಸರ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಕ್ಕಿಂತ ಹೆಚ್ಚು ದಿನ ಇದ್ದರೆ ಅದು ಖಿನ್ನತೆಯ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಇನ್ನೊಂದು ಮಾತು: ನಡುವಯಸ್ಸು ದಾಟಿದವರ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಥೈರಾಯ್ಡ್ ದೋಷವೋ ಮಿದುಳಿನ ಕಾಯಿಲೆಯೋ ಇರಬಹುದು. ಸೈ ಪಾತ್ರ ಮಾಡಿದ ರಾಬಿನ್ ವಿಲಿಯಮ್ಸ್ 2014ರಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರಿಗೆ 'ಲೆವಿ ಬಾಡಿ' ಎಂಬ ಮಿದುಳಿನ ಕಾಯಿಲೆ ಇತ್ತೆಂಬುದು ಗೊತ್ತಾದದ್ದು ಮರಣೋತ್ತರ ಪರೀಕ್ಷೆಯಲ್ಲಿ. ಹಾಗಾಗಿ ನಡತೆ ಕೆಟ್ಟಿತೆಂದು ತೀರ್ಮಾನಿಸುವ ಮುಂಚೆ ವೈದ್ಯರ ಅಭಿಪ್ರಾಯ ಕೇಳುವುದು ಒಳ್ಳೆಯದು.

ಕೆಲಸದಿಂದ ತೆಗೆಯಬೇಕಾಗಿ ಬಂದರೆ

ಕೆಲವು ತಪ್ಪುಗಳಿಗೆ ಕೆಲಸದಿಂದ ತೆಗೆಯದೆ ಬೇರೆ ದಾರಿ ಇರುವುದಿಲ್ಲ. ಸೈನ ಮ್ಯಾನೇಜರು ಅವನನ್ನು ತೆಗೆದದ್ದರಲ್ಲಿ ಅನ್ಯಾಯವಿರಲಿಲ್ಲ. ಆದರೆ ಇಷ್ಟೊಂದು ಪ್ರಿಂಟು ಏತಕ್ಕೆ ಬೇಕಾಯಿತು, ಮನೆಯಲ್ಲಿ ಯಾರಿದ್ದಾರೆ, ಮುಂದೆ ಏನು ಮಾಡುತ್ತೀಯ ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಆ ವಾರ ಮುಗಿಯುವವರೆಗೆ ಅದೇ ಕೌಂಟರಿನಲ್ಲಿ, ಅದೇ ಗಿರಾಕಿಗಳ ಫೋಟೋಗಳ ನಡುವೆ ಅವನನ್ನು ಬಿಟ್ಟದ್ದು ಇನ್ನೊಂದು ತಪ್ಪು. ಗಿರಾಕಿಗಳ ಖಾಸಗಿ ವಿಷಯದಲ್ಲಿ ತಪ್ಪು ಮಾಡಿದವರನ್ನು ಅಂದೇ ಆ ಜಾಗದಿಂದ ಬೇರೆಡೆಗೆ ಹಾಕಬೇಕಿತ್ತು.

ನಮ್ಮಲ್ಲಿ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವಿದೆ. ಅದರ 39ನೇ ಪ್ರಕರಣದಂತೆ, ಸತತ ಆರು ತಿಂಗಳು ಕೆಲಸ ಮಾಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಗಾಗಿ ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ಸಾಕ್ಷ್ಯ ದಾಖಲಿಸಿರಬೇಕು. ಆ ವಿಚಾರಣೆ ಕಾನೂನಿಗಷ್ಟೇ ಅಲ್ಲ, ಮನಸ್ಸಿಗೂ ಬೇಕು. ತನ್ನ ಮಾತನ್ನು ಯಾರಾದರೂ ಪೂರ್ತಿ ಕೇಳಿದರು ಎಂಬ ಸಮಾಧಾನವೇ ಎಷ್ಟೋ ಸಿಟ್ಟನ್ನು ಇಳಿಸುತ್ತದೆ.

ಮಾಲೀಕರು ನೆನಪಿಡಬೇಕಾದವು: ಗಿರಾಕಿಗಳ ಎದುರು ಬೈದು ಕಳಿಸಬೇಡಿ. ಒಳಗೆ ಕೂರಿಸಿ, ಕಾರಣ ತಿಳಿಸಿ. ಬರಬೇಕಾದ ಬಾಕಿ ಹಣವನ್ನು ಸತಾಯಿಸದೆ ಕೊಡಿ. ಅವರ ಮನೆಯವರೊಬ್ಬರಿಗೆ, ಯಾರೂ ಇಲ್ಲದಿದ್ದರೆ ಅವರ ಗೆಳೆಯರಿಗೆ, ಅವರ ಒಪ್ಪಿಗೆ ಪಡೆದು ವಿಷಯ ತಿಳಿಸಿ. ಒಂದು ವಾರ ಕಳೆದ ಮೇಲೆ ಒಂದು ಫೋನ್ ಮಾಡಿ. "ಸಾಯುವುದೇ ವಾಸಿ" ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಅವರನ್ನು ಒಬ್ಬರನ್ನೇ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ಕೆಲಸ ಕಳೆದುಕೊಂಡವರು

ಮೊದಲ ವಾರವೇ ಒಂದು ದಿನಚರಿ ಹಾಕಿಕೊಳ್ಳಿ. ಎದ್ದೇಳುವ ಹೊತ್ತು, ಊಟದ ಹೊತ್ತು ತಪ್ಪದಿರಲಿ. ದಿನಕ್ಕೊಮ್ಮೆಯಾದರೂ ಕೋಣೆಯಿಂದ ಹೊರಗೆ ಬನ್ನಿ. ಆರ್‌ಪಿಸಿ ಲೇಔಟ್ ಸುತ್ತಮುತ್ತ ಇರುವವರಿಗೆ ಹಂಪಿನಗರದ ಗ್ರಂಥಾಲಯವಿದೆ. ಅಲ್ಲಿ ಕುಳಿತು ಪತ್ರಿಕೆ ಓದಲು ದುಡ್ಡು ಕೊಡಬೇಕಿಲ್ಲ. ಬೆಳಿಗ್ಗೆ ಪಾರ್ಕಿನಲ್ಲಿ ದಿನವೂ ಅದೇ ಹೊತ್ತಿಗೆ ನಡೆದರೆ, ಹದಿನೈದು ದಿನದಲ್ಲಿ ನಾಲ್ಕು ಮುಖಗಳು ಪರಿಚಯವಾಗುತ್ತವೆ. ಊರಿನವರಿಗೆ ಸುಳ್ಳು ಹೇಳುತ್ತಾ ಕೂರಬೇಡಿ. ಕನಿಷ್ಠ ಒಬ್ಬರಿಗಾದರೂ, ಅಕ್ಕನಿಗೋ ಭಾವನಿಗೋ, ನಿಜ ಹೇಳಿ. ತಪ್ಪು ಮಾಡಿದ್ದರೆ ಅದನ್ನೂ ಹೇಳಿ. ಹಳೆಯ ಅಂಗಡಿಯ ಸುತ್ತ ತಿರುಗುವುದು, ಹಳೆಯ ಗಿರಾಕಿಗಳಿಗೆ ಫೋನ್ ಮಾಡುವುದು ಬೇಡ. ಮದ್ಯದಿಂದ ದೂರವಿರಿ.

ಎಲ್ಲಿ ಸಹಾಯ ಸಿಗುತ್ತದೆ?

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನೇರವಾಗಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೂ ಹೋಗಬಹುದು. ಇ.ಎಸ್.ಐ. ಸೌಲಭ್ಯವಿರುವ ಕೆಲಸಗಾರರಿಗೆ ರಾಜಾಜಿನಗರದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಮೊದಲ ಹೆಜ್ಜೆಯಾಗಿ ನಿಮ್ಮ ಕುಟುಂಬ ವೈದ್ಯರಲ್ಲಿ ಹೇಳಿಕೊಂಡರೂ ಸಾಕು.

ನಾವು ನೀವು ಮಾಡಬಹುದಾದ್ದು

ಅಂಗಡಿಯಲ್ಲಿರುವವರನ್ನೆಲ್ಲ ಮನೆಗೆ ಕರೆಯಬೇಕೆಂದು ಯಾರೂ ಹೇಳುವುದಿಲ್ಲ. ಅವರಿಗೂ ನಮಗೂ ನಡುವೆ ಒಂದು ಕೌಂಟರು ಇರುವುದು ಇಬ್ಬರಿಗೂ ಕ್ಷೇಮ. ಅದರಲ್ಲೂ ಹೆಣ್ಣುಮಕ್ಕಳು, ಮಕ್ಕಳು ಇಷ್ಟವಿಲ್ಲದ ಸಲಿಗೆಯನ್ನು ಸಹಿಸಬೇಕಾಗಿಲ್ಲ. ಮನಸ್ಸಿಗೆ ಸರಿಯೆನಿಸದಿದ್ದರೆ ಅಂಗಡಿ ಬದಲಿಸಿ, ಮಾಲೀಕರಿಗೆ ತಿಳಿಸಿ. ರಿಪೇರಿಗೆ ಕೊಡುವ ಮುಂಚೆ ಮೊಬೈಲಿನ ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು ಅಳಿಸಿ ಕೊಡಿ.

ಆದರೆ ಕೌಂಟರಿನ ಈಚೆಗೆ ನಿಂತೇ ಹೆಸರು ಕೇಳಬಹುದು. "ಎಲ್ಲಿಯವರಪ್ಪ? ಹಬ್ಬಕ್ಕೆ ಊರಿಗೆ ಹೋಗಲಿಲ್ವಾ?" ಎನ್ನಬಹುದು. ಮೊಬೈಲ್ ನೋಡುತ್ತಾ ದುಡ್ಡು ಕೊಟ್ಟು ಹೊರಡುವ ಬದಲು ಮುಖ ನೋಡಿ ಚಿಲ್ಲರೆ ತೆಗೆದುಕೊಳ್ಳಬಹುದು. ದಿನವೂ ಕಾಣುತ್ತಿದ್ದವರು ನಾಲ್ಕು ದಿನ ಕಾಣದಿದ್ದರೆ "ಅವರೆಲ್ಲಿ?" ಎಂದು ಪಕ್ಕದವರನ್ನು ಕೇಳಬಹುದು. ನಮ್ಮದೇ ಮನೆಯ ಹುಡುಗ ಇನ್ನೊಂದು ಊರಿನಲ್ಲಿ ಇಂಥದೇ ಕೌಂಟರಿನ ಹಿಂದೆ ನಿಂತಿದ್ದರೆ ಭಾನುವಾರ ಅವನಿಗೆ ಫೋನ್ ಮಾಡಿ, ಸಂಬಳದ ವಿಷಯಕ್ಕಿಂತ ಮೊದಲು ಊಟ, ನಿದ್ದೆ, ಗೆಳೆಯರ ಬಗ್ಗೆ ವಿಚಾರಿಸಬಹುದು.

ಸಿನಿಮಾದ ಮಗುವಿಗೆ ಸೈನ ಒಂಟಿತನ ಕಂಡಿತ್ತು. ನಿಮ್ಮ ಮಕ್ಕಳೂ ಒಂದು ದಿನ "ಅಮ್ಮಾ, ಆ ಅಂಗಡಿ ಅಂಕಲ್ ಯಾಕೋ ಬೇಜಾರಲ್ಲಿದ್ದಾರೆ" ಎಂದು ಹೇಳಬಹುದು. ಆಗ ಸುಮ್ಮನಿರಿಸಬೇಡಿ. ಮಾರನೆಯ ದಿನ ಸಾಮಾನು ತರಲು ಹೋದಾಗ ನೀವೇ ಒಂದು ಮಾತು ಕೇಳಿ.